ಕರೆಂಟಿಗೆ ದಾರಿ ಬಿಡಿ: ದೊಡ್ಡ ಮೋಟರಿನ ಡ್ರೈವರ್ ಕಟ್ಟುವುದು, ಕಾಪಾಡುವುದು

ಡೇಟಾಶೀಟಿನ ಮೊದಲ ಪುಟದಲ್ಲೇ 110 ಆಂಪಿಯರ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದ, ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳಾದ ಮಾಸ್‌ಫೆಟ್‌ಗಳನ್ನು ನಾನು 15 ಆಂಪಿಯರ್ ಎಳೆಯುವ ಮೋಟರಿಗೆ ಹಾಕಿ ಸುಟ್ಟಿದ್ದೇನೆ. ಅದೂ ಒಂದೇ ಸಂಜೆಯಲ್ಲಿ ನಾಲ್ಕು. ಮೊದಲ ಜೋಡಿ ಹೋದದ್ದು, ಪೂರ್ತಿ ವೇಗದಲ್ಲಿ ತಿರುಗುತ್ತಿದ್ದ ಮೋಟರನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಲು ಹೋದಾಗ. ಹೊಸ ಜೋಡಿ ಬೆಸೆದು ಸ್ವಿಚ್ ಒತ್ತಿದೆ, ಮೋಟರ್ ಅಲುಗುವ ಮೊದಲೇ ಅವೂ ಪಟ್ಟೆಂದವು. ಮೊದಲ ಜೋಡಿ ಸಾಯುವಾಗ, ಅವುಗಳ ಗೇಟ್ ಎಂಬ ಕಾಲಿಗೆ ಆನ್-ಆಫ್ ವೋಲ್ಟೇಜ್ ಕೊಡುವ ಗೇಟ್ ಡ್ರೈವರ್ ಐಸಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅದನ್ನು ಪರೀಕ್ಷಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ಅಂದಿನಿಂದ ಯಾವ ಸರ್ಕ್ಯೂಟ್ ಬರೆದರೂ ಒಂದು ಪ್ರಶ್ನೆಯನ್ನು ಪದೇ ಪದೇ ಕೇಳಿಕೊಳ್ಳುತ್ತೇನೆ: ಈ ಸ್ವಿಚ್ ಆಫ್ ಆದ ಕ್ಷಣದಲ್ಲಿ ಕರೆಂಟ್ ಎಲ್ಲಿಗೆ ಹೋಗುತ್ತದೆ? ಮೋಟರ್ ಎಂದರೆ ಸುರುಳಿ. ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟ್ ತಟ್ಟನೆ ನಿಲ್ಲುವುದಿಲ್ಲ. ಕಾಲುವೆಗೆ ಅಡ್ಡ ಕಟ್ಟಿದರೆ ನೀರು ಏರಿ ಏರಿ ಕೊನೆಗೆ ಒಡ್ಡನ್ನೇ ಒಡೆಯುವಂತೆ, ದಾರಿ ಸಿಗದ ಕರೆಂಟ್ ವೋಲ್ಟೇಜನ್ನು ಏರಿಸಿ ಎದುರಿಗಿದ್ದುದನ್ನು ಒಡೆದುಕೊಂಡೇ ಹೋಗುತ್ತದೆ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳೇ.

ಉದಾಹರಣೆಗೆ 24 ವೋಲ್ಟಿನ ಬ್ರಷ್ ಇರುವ ಡಿಸಿ ಮೋಟರ್, ಎರಡೂ ದಿಕ್ಕಿಗೆ ತಿರುಗಬೇಕು, ಸತತವಾಗಿ 30 ಆಂಪಿಯರ್ ಕೊಡಬೇಕು ಎಂದಿಟ್ಟುಕೊಳ್ಳೋಣ. ನಾಲ್ಕು ಎನ್-ಚಾನೆಲ್ ಮಾಸ್‌ಫೆಟ್‌ಗಳ ಹೆಚ್-ಬ್ರಿಡ್ಜ್: ಮೋಟರಿನ ಒಂದೊಂದು ತಂತಿಗೂ ಸಪ್ಲೈ ಕಡೆಗೆ ಒಂದು (ಮೇಲಿನದು), ಗ್ರೌಂಡ್ ಕಡೆಗೆ ಒಂದು (ಕೆಳಗಿನದು). ನಿಮ್ಮ ಅಂಕಿಗಳು ಬೇರೆಯಾದರೂ ಲೆಕ್ಕ ಹಾಕುವ ದಾರಿ ಇದೇ.

ಮೊದಲು ಮೋಟರನ್ನು ಅಳೆಯಿರಿ

ಮೋಟರಿನ ಮೇಲಿನ ಪಟ್ಟಿಯಲ್ಲಿ ಬರೆದಿರುವುದು ಅದು ಆರಾಮವಾಗಿ ತಿರುಗುವಾಗಿನ ಕರೆಂಟ್. ಡ್ರೈವರ್ ಸಾಯುವುದು ಮೋಟರ್ ಆರಾಮವಾಗಿರುವಾಗ ಅಲ್ಲ. ನಿಂತ ಮೋಟರಿಗೆ ವೋಲ್ಟೇಜ್ ಕೊಟ್ಟ ಕ್ಷಣದಲ್ಲಿ ಬ್ಯಾಕ್ ಇಎಂಎಫ್ (ತಿರುಗುವ ಮೋಟರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್) ಇರುವುದಿಲ್ಲ, ಕರೆಂಟನ್ನು ತಡೆಯಲು ಸುರುಳಿಯ ರೆಸಿಸ್ಟೆನ್ಸ್ ಒಂದೇ ಉಳಿದಿರುತ್ತದೆ. ಆದ್ದರಿಂದ ಬೇಕಾಗಿರುವ ಮೊದಲ ಅಂಕಿ ಆ ರೆಸಿಸ್ಟೆನ್ಸ್.

ಸಾಮಾನ್ಯ ಮಲ್ಟಿಮೀಟರ್ ಇಲ್ಲಿ ಕೆಲಸಕ್ಕೆ ಬಾರದು, ಅದರ ತಂತಿಗಳ ರೆಸಿಸ್ಟೆನ್ಸೇ ಮೋಟರಿನಷ್ಟು ಇರುತ್ತದೆ. ಶಾಫ್ಟನ್ನು ಅಲುಗದಂತೆ ಹಿಡಿದು, ಕರೆಂಟ್ ಮಿತಿ ಹಾಕಬಹುದಾದ ಪವರ್ ಸಪ್ಲೈನಿಂದ 2 ಆಂಪಿಯರ್ ಹರಿಸಿ, ಮೋಟರಿನ ಟರ್ಮಿನಲ್‌ಗಳ ಮೇಲೆಯೇ ವೋಲ್ಟೇಜ್ ಅಳೆಯಿರಿ. ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಐದಾರು ಕಡೆ ಅಳೆದು, ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. 0.4 ವೋಲ್ಟ್ ಬಂತೆನ್ನಿ. ಅಂದರೆ 0.2 ಓಮ್.

24 ವೋಲ್ಟನ್ನು 0.2 ಓಮಿನಿಂದ ಭಾಗಿಸಿದರೆ 120 ಆಂಪಿಯರ್. ಗಾಲಿ ಸಿಕ್ಕಿಕೊಂಡು ಮೋಟರ್ ತಿರುಗದೆ ನಿಂತರೆ ಎಳೆಯುವ ಸ್ಟಾಲ್ ಕರೆಂಟ್ ಇದು. ಇದಕ್ಕಿಂತ ಕೆಟ್ಟದ್ದು ದಿಕ್ಕು ಬದಲಿಸುವ ಗಳಿಗೆ. ಪೂರ್ತಿ ವೇಗದಲ್ಲಿರುವ ಮೋಟರ್ ತಾನೇ ಸುಮಾರು 22 ವೋಲ್ಟ್ ಹುಟ್ಟಿಸುತ್ತಿರುತ್ತದೆ. ಆಗ ಬ್ರಿಡ್ಜನ್ನು ತಿರುವಿಬಿಟ್ಟರೆ ಆ 22 ವೋಲ್ಟ್ ಬ್ಯಾಟರಿಯ ವಿರುದ್ಧ ನಿಲ್ಲುವ ಬದಲು ಅದರ ಜೊತೆ ಕೈಜೋಡಿಸುತ್ತದೆ: 46 ವೋಲ್ಟ್, 0.2 ಓಮ್, 230 ಆಂಪಿಯರ್. ನನ್ನ ಮೊದಲ ಜೋಡಿಯನ್ನು ತೆಗೆದದ್ದು ಈ ಲೆಕ್ಕ.

230 ಆಂಪಿಯರ್ ತಡೆಯುವ ಬ್ರಿಡ್ಜ್ ಕಟ್ಟಬೇಕೇ? ಬೇಡ. ಮೋಟರಿಗೆ ಎಷ್ಟು ಕೊಡಬೇಕೆಂದು ನಾವೇ ತೀರ್ಮಾನಿಸಿ, ಅದಕ್ಕಿಂತ ಹೆಚ್ಚು ಎಂದೂ ಹರಿಯದಂತೆ ನೋಡಿಕೊಂಡರೆ ಸಾಕು. ಇಲ್ಲಿ ಸತತ 30, ಕೆಲ ಸೆಕೆಂಡಿಗೆ 40 ಎಂದು ಮಿತಿ ಹಾಕೋಣ. ಏನೇ ಆದರೂ 60 ದಾಟುವಂತಿಲ್ಲ. ಈ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಬೇಕಾಗುತ್ತವೆ.

ಒಂದು ಮಾತು, ಇದರಲ್ಲಿ ಎಡವುವವರು ಬಹಳ. ಪಿಡಬ್ಲ್ಯುಎಂ (ಸ್ವಿಚ್ಚನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡಿ ವೇಗ ಹೊಂದಿಸುವುದು) ಇರುವಾಗ ಮೋಟರಿನ ಕರೆಂಟ್ ಬೇರೆ, ಬ್ಯಾಟರಿಯ ಕರೆಂಟ್ ಬೇರೆ. ಡ್ಯೂಟಿ, ಅಂದರೆ ಆನ್ ಇರುವ ಹೊತ್ತಿನ ಪಾಲು, 20 ಪ್ರತಿಶತ ಇದ್ದು ಮೋಟರ್ ಸಿಕ್ಕಿಕೊಂಡರೆ ಸುರುಳಿಯಲ್ಲಿ 24 ಆಂಪಿಯರ್ ಸುತ್ತುತ್ತಿರುತ್ತದೆ, ಬ್ಯಾಟರಿಯಿಂದ ಬರುವುದು ಸರಾಸರಿ 5 ಆಂಪಿಯರಿಗೂ ಕಡಿಮೆ. ಬ್ಯಾಟರಿ ತಂತಿಯಲ್ಲಿ ಮೀಟರ್ ಇಟ್ಟು ‘ಎಲ್ಲ ಸರಿ ಇದೆ’ ಎಂದುಕೊಂಡವರ ಮಾಸ್‌ಫೆಟ್ ಬೆಂದಿರುತ್ತದೆ.

ಮಾಸ್‌ಫೆಟ್: ಆಂಪಿಯರ್ ಮರೆತು ವ್ಯಾಟ್ ನೋಡಿ

ಎಲ್298 ತರಹದ ಹಳೆಯ ಬೈಪೋಲಾರ್ ಮೋಟರ್ ಡ್ರೈವರ್ ಚಿಪ್ಪುಗಳ ಮಾತು ಇಲ್ಲಿ ಬೇಡ. ಅದು 2 ಆಂಪಿಯರಿಗೇ 4.9 ವೋಲ್ಟಿನವರೆಗೆ ನುಂಗಬಹುದು. ‘43 ಆಂಪಿಯರ್’ ಎಂದು ಬರೆದ ಬಿಟಿಎಸ್7960 ಮಾಡ್ಯೂಲುಗಳು ಉತ್ತಮವೇ, ಆದರೆ ಆ 43 ಎನ್ನುವುದು ಚಿಪ್ ತನ್ನನ್ನು ತಾನು ಕಾಪಾಡಿಕೊಳ್ಳಲು ಕರೆಂಟನ್ನು ಕಡಿಯುವ ಮಟ್ಟ. ಬೆನ್ನಿಗಂಟಿಸಿದ ಅಂಗೈಯಷ್ಟೂ ಇಲ್ಲದ ಹೀಟ್ ಸಿಂಕ್‌ನಲ್ಲಿ ಗಂಟೆಗಟ್ಟಲೆ ಕೊಡುವ ಕರೆಂಟ್ ಅಲ್ಲ.

ಬಿಡಿ ಮಾಸ್‌ಫೆಟ್ ಆಯ್ಕೆಗೆ ಮೊದಲು ವೋಲ್ಟೇಜ್ ನೋಡಿ. ಸಪ್ಲೈನ ಎರಡು ಪಟ್ಟಿಗಿಂತ ಕಡಿಮೆ ತೆಗೆದುಕೊಳ್ಳಬೇಡಿ. 24ಕ್ಕೆ 55 ಅಥವಾ 60 ವೋಲ್ಟ್. ಆಮೇಲೆ ಆನ್ ಆದಾಗಿನ ರೆಸಿಸ್ಟೆನ್ಸ್. ಎಲ್ಲರಿಗೂ ಗೊತ್ತಿರುವ ಐಆರ್‌ಎಫ್3205 ತೆಗೆದುಕೊಳ್ಳಿ: 55 ವೋಲ್ಟ್, ಗೇಟಿಗೆ 10 ವೋಲ್ಟ್ ಕೊಟ್ಟಾಗ 8 ಮಿಲಿಓಮ್. 110 ಆಂಪಿಯರ್ ಎನ್ನುವುದು ಕೇಸನ್ನು 25 ಡಿಗ್ರಿಯಲ್ಲೇ ಹಿಡಿದಿಟ್ಟರೆ ಒಳಗಿನ ಸಿಲಿಕಾನ್ ತಾಳಬಲ್ಲ ಅಂಕಿ; ಅದೇ ಡೇಟಾಶೀಟಿನ ಅಡಿಟಿಪ್ಪಣಿಯಲ್ಲಿ ಕಾಲುಗಳ ಮಿತಿ 75 ಎಂದು ಸಣ್ಣಕ್ಷರದಲ್ಲಿದೆ.

30 ಆಂಪಿಯರಿನ ವರ್ಗ 900. ಅದನ್ನು 8 ಮಿಲಿಓಮಿನಿಂದ ಗುಣಿಸಿದರೆ 7.2 ವ್ಯಾಟ್. ಬಿಸಿಯಾದಂತೆ ಈ ರೆಸಿಸ್ಟೆನ್ಸ್ ಏರುತ್ತದೆ, ನೂರು ಡಿಗ್ರಿ ಹತ್ತಿರ ಒಂದೂವರೆ ಪಟ್ಟು ಹಿಡಿಯಿರಿ: ಸುಮಾರು 11 ವ್ಯಾಟ್. ಗಾಳಿಯಲ್ಲಿ ಸುಮ್ಮನೆ ನಿಂತ ಟಿಒ-220 ಪ್ಯಾಕೇಜು ಒಂದು ವ್ಯಾಟಿಗೆ 62 ಡಿಗ್ರಿ ಏರುತ್ತದೆ. ಹನ್ನೊಂದು ವ್ಯಾಟಿಗೆ ಎಷ್ಟಾಯಿತೆಂದು ಗುಣಿಸುವ ಮೊದಲೇ ಅದು ಸತ್ತಿರುತ್ತದೆ.

ಇದಕ್ಕೆ ಸ್ವಿಚಿಂಗ್ ನಷ್ಟ ಕೂಡಿಸಿ. ಆನ್ ಮತ್ತು ಆಫ್ ಆಗುವಾಗ ಮಾಸ್‌ಫೆಟ್ ಒಂದು ಕ್ಷಣ ಅರ್ಧಂಬರ್ಧ ತೆರೆದಿರುತ್ತದೆ; ವೋಲ್ಟೇಜೂ ಇದೆ, ಕರೆಂಟೂ ಇದೆ. ವೋಲ್ಟೇಜ್, ಕರೆಂಟ್, ಬದಲಾವಣೆಗೆ ಹಿಡಿಯುವ ಒಟ್ಟು ಸಮಯ, ಆವರ್ತನ ಇವನ್ನು ಗುಣಿಸಿ ಅರ್ಧ ಮಾಡಿ. ಎರಡೂ ಬದಲಾವಣೆಗಳಿಗೆ ಒಟ್ಟು 200 ನ್ಯಾನೊಸೆಕೆಂಡ್, 20 ಕಿಲೋಹರ್ಟ್ಸ್ ಎಂದರೆ 1.44 ವ್ಯಾಟ್. ಇದು ಚಿಕ್ಕದು. ಗೇಟ್ ಡ್ರೈವರ್ ಸೋಮಾರಿಯಾಗಿದ್ದರೆ ಚಿಕ್ಕದಾಗಿ ಉಳಿಯುವುದಿಲ್ಲ, ಅದು ಮುಂದಿನ ಹಂತದಲ್ಲಿ ಬರುತ್ತದೆ.

ಈಗ ಹೀಟ್ ಸಿಂಕ್. ಒಂದೊಂದು ಮಾಸ್‌ಫೆಟ್‌ಗೆ 12.3 ವ್ಯಾಟ್, ಒಮ್ಮೆಗೆ ಎರಡು ಕೆಲಸ ಮಾಡುತ್ತವೆ, ಒಟ್ಟು 24.6. ಸುತ್ತಲಿನ ಗಾಳಿ 40 ಡಿಗ್ರಿ, ಜಂಕ್ಷನ್ (ಒಳಗಿನ ಸಿಲಿಕಾನ್) 110 ದಾಟಬಾರದು ಎಂದರೆ ನಮಗಿರುವುದು 70 ಡಿಗ್ರಿಯ ಅವಕಾಶ. ಜಂಕ್ಷನ್‌ನಿಂದ ಕೇಸಿಗೆ ವ್ಯಾಟಿಗೆ 0.75, ಇನ್ಸುಲೇಟಿಂಗ್ ಪ್ಯಾಡಿಗೆ ಸುಮಾರು 1 ಡಿಗ್ರಿ, ಇದರಲ್ಲೇ 21 ಡಿಗ್ರಿ ಹೋಯಿತು. ಉಳಿದ 49ನ್ನು 24.6ರಿಂದ ಭಾಗಿಸಿದರೆ ವ್ಯಾಟಿಗೆ 2 ಡಿಗ್ರಿಯ ಹೀಟ್ ಸಿಂಕ್ ಬೇಕು. ಸಣ್ಣದೇನಲ್ಲ. ಪ್ಯಾಡನ್ನು ಬಿಡುವಂತಿಲ್ಲ, ಏಕೆಂದರೆ ಲೋಹದ ಬೆನ್ನೇ ಡ್ರೈನ್ (ಕರೆಂಟ್ ಒಳಬರುವ ಕಾಲು; ಹೊರಹೋಗುವುದು ಸೋರ್ಸ್). ಮೇಲಿನ ಎರಡರ ಡ್ರೈನ್ ಒಂದೇ ಆದರೂ ಕೆಳಗಿನ ಎರಡು ಬೇರೆ ಬೇರೆ.

ಹೀಟ್ ಸಿಂಕ್ ದೊಡ್ಡದಾಯಿತು ಅನ್ನಿಸಿದರೆ ಪ್ರತಿ ಜಾಗದಲ್ಲಿ ಎರಡೆರಡು ಮಾಸ್‌ಫೆಟ್ ಹಾಕಿ. ಕರೆಂಟ್ ಅರ್ಧವಾದರೆ ಒಂದೊಂದರ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ, ಜೋಡಿಯ ಒಟ್ಟು ಶಾಖವೂ ಅರ್ಧವಾಗುತ್ತದೆ. ನನ್ನ ಮಟ್ಟಿಗೆ ಇದು ಫ್ಯಾನ್ ಹಾಕುವುದಕ್ಕಿಂತ ಎಷ್ಟೋ ಮೇಲು. ಫ್ಯಾನ್ ಒಂದು ದಿನ ನಿಲ್ಲುತ್ತದೆ. ಒಂದೊಂದಕ್ಕೂ ಪ್ರತ್ಯೇಕ ಗೇಟ್ ರೆಸಿಸ್ಟರ್ ಇರಲಿ, ಇಲ್ಲವಾದರೆ ಎರಡು ಗೇಟುಗಳು ಒಂದಕ್ಕೊಂದು ತೂಗಾಡುತ್ತವೆ.

ಗೇಟಿನ ಕೆಲಸ

ಮಾಸ್‌ಫೆಟ್‌ನ ಗೇಟ್ ಒಂದು ಚಿಕ್ಕ ಕೆಪಾಸಿಟರ್. ಐಆರ್‌ಎಫ್3205ಕ್ಕೆ 146 ನ್ಯಾನೊಕೂಲಂಬ್‌ವರೆಗೆ ಚಾರ್ಜ್ ಬೇಕು. ನೂರು ನ್ಯಾನೊಸೆಕೆಂಡಿನಲ್ಲಿ ತುಂಬಬೇಕೆಂದರೆ ಒಂದೂವರೆ ಆಂಪಿಯರ್ ಹರಿಯಬೇಕು. ಮೈಕ್ರೊಕಂಟ್ರೋಲರ್ ಪಿನ್ನಿನ ಕೈಯಲ್ಲಿ ಇದು ಆಗದ ಮಾತು. ಜನಪ್ರಿಯ ಐಆರ್2104 ಡ್ರೈವರ್ ಆನ್ ಮಾಡಲು 0.13 ಆಂಪಿಯರ್, ಆಫ್ ಮಾಡಲು 0.27 ಆಂಪಿಯರ್ ಮಟ್ಟದ್ದು. ಇಷ್ಟು ದೊಡ್ಡ ಗೇಟನ್ನು ತುಂಬಲು ಒಂದು ಮೈಕ್ರೊಸೆಕೆಂಡಿಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ನಷ್ಟದ ಹೊತ್ತಲ್ಲ, ಮಧ್ಯದ ಒಂದು ಪಾಲು ಮಾತ್ರ. ಆದರೂ ಮೇಲಿನ 1.44 ವ್ಯಾಟ್ ಹಲವು ಪಟ್ಟು ಏರಲು ಅದೇ ಸಾಕು. ಐಆರ್2110ರಂತಹ 2 ಆಂಪಿಯರಿನ ಡ್ರೈವರ್ ಹಾಕಿ. ಇದರಲ್ಲಿ ಡೆಡ್ ಟೈಮ್ ತಾನಾಗಿ ಬರುವುದಿಲ್ಲ, ಪಿಡಬ್ಲ್ಯುಎಂ ಕೊಡುವ ಕಂಟ್ರೋಲರಿನಲ್ಲಿ ಹೊಂದಿಸಬೇಕು ಎಂಬುದು ನೆನಪಿರಲಿ.

ಡೆಡ್ ಟೈಮ್ ಎಂದರೆ ಮೇಲಿನ ಮಾಸ್‌ಫೆಟ್ ಮುಚ್ಚಿ (ಆಫ್ ಆಗಿ) ಕೆಳಗಿನದು ತೆರೆಯುವ (ಆನ್ ಆಗುವ) ನಡುವಿನ ಬಿಡುವು. ಎರಡೂ ಒಟ್ಟಿಗೆ ತೆರೆದರೆ ಬ್ಯಾಟರಿಗೆ ಎದುರಾಗುವುದು 16 ಮಿಲಿಓಮ್ ಮಾತ್ರ. 24ನ್ನು ಅದರಿಂದ ಭಾಗಿಸಿದರೆ 1500 ಆಂಪಿಯರ್. ತಂತಿ ಅಷ್ಟು ಬಿಡದಿದ್ದರೂ ಬಂದಷ್ಟೇ ಸಾಕು ಸುಡಲು. ಶೂಟ್-ಥ್ರೂ ಅನ್ನುವುದು ಇದನ್ನೇ. ಅರ್ಧ ಮೈಕ್ರೊಸೆಕೆಂಡಿನಿಂದ ಶುರು ಮಾಡಿ. 20 ಕಿಲೋಹರ್ಟ್ಸಿನಲ್ಲಿ ಒಂದು ಸುತ್ತಿಗೆ 50 ಮೈಕ್ರೊಸೆಕೆಂಡ್ ಇರುವುದರಿಂದ ಒಂದು ಪ್ರತಿಶತ ಹೋದರೆ ಯಾರಿಗೂ ಗೊತ್ತಾಗದು.

ಡೆಡ್ ಟೈಮ್ ಸರಿಯಿದ್ದೂ ಶೂಟ್-ಥ್ರೂ ಆಗುವುದುಂಟು. ಮೇಲಿನದು ಭರ್ರನೆ ತೆರೆದಾಗ ಮೋಟರಿನ ಬಿಂದು ಕೆಲವೇ ನ್ಯಾನೊಸೆಕೆಂಡುಗಳಲ್ಲಿ 24 ವೋಲ್ಟ್ ಜಿಗಿಯುತ್ತದೆ. ಆ ಜಿಗಿತ ಡ್ರೈನ್-ಗೇಟ್ ನಡುವಿನ ಕೆಪಾಸಿಟೆನ್ಸಿನ ಮೂಲಕ ಕೆಳಗಿನ ಮಾಸ್‌ಫೆಟ್‌ನ ಗೇಟನ್ನೂ ಎಳೆದು ಎಬ್ಬಿಸುತ್ತದೆ. ಮದ್ದು ಸರಳ: ನಿಧಾನ ತೆರೆಯಬೇಕು, ಬೇಗ ಮುಚ್ಚಬೇಕು. ಗೇಟಿಗೆ 10 ಓಮ್ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ ಮುಚ್ಚುವ ದಿಕ್ಕಿಗೆ ಒಂದು ಶಾಟ್ಕಿ ಡಯೋಡ್ (ಕಡಿಮೆ ವೋಲ್ಟೇಜ್ ತಿನ್ನುವ ವೇಗದ ಡಯೋಡ್). ಗೇಟಿನಿಂದ ಸೋರ್ಸಿಗೆ 10 ಕಿಲೋಓಮ್ ಇರಲಿ. ಕಂಟ್ರೋಲರ್ ಇನ್ನೂ ಕಣ್ಣು ಬಿಡದಿದ್ದಾಗ ಗೇಟುಗಳು ಗಾಳಿಯಲ್ಲಿ ತೇಲಬಾರದು. ಗೇಟ್ 20 ವೋಲ್ಟಿಗಿಂತ ಹೆಚ್ಚು ತಾಳದು, ವೋಲ್ಟೇಜನ್ನು 15ರಲ್ಲಿ ತಡೆಹಿಡಿಯುವ ಝೀನರ್ ಡಯೋಡ್ ಪಕ್ಕದಲ್ಲೇ ಕೂರಿಸಿ.

ಮೇಲಿನ ಮಾಸ್‌ಫೆಟ್‌ಗಳ ಗೇಟಿಗೆ ಸಪ್ಲೈಗಿಂತ 10-12 ವೋಲ್ಟ್ ಮೇಲೆ ಬೇಕು, ಅದನ್ನು ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್ ಕೊಡುತ್ತದೆ. 146 ನ್ಯಾನೊಕೂಲಂಬ್ ತೆಗೆದಾಗ 0.2 ವೋಲ್ಟಿಗಿಂತ ಹೆಚ್ಚು ಕುಸಿಯಬಾರದು ಎಂದರೆ 0.73 ಮೈಕ್ರೊಫ್ಯಾರಡ್, ಅಂದರೆ 1 ಮೈಕ್ರೊಫ್ಯಾರಡ್ ಸೆರಾಮಿಕ್. ಅದನ್ನು ತುಂಬಿಸುವ ಡಯೋಡ್ ವೇಗದ್ದಿರಲಿ, ಯುಎಫ್4007 ಆದೀತು, 1ಎನ್4007 ಕೂಡದು. ಈ ಕೆಪಾಸಿಟರ್ ತುಂಬಿಕೊಳ್ಳುವುದು ಕೆಳಗಿನ ಮಾಸ್‌ಫೆಟ್ ತೆರೆದಾಗ ಮಾತ್ರ. ಅದಕ್ಕೇ ಡ್ಯೂಟಿಯನ್ನು 97-98 ಪ್ರತಿಶತಕ್ಕೆ ನಿಲ್ಲಿಸಿ. ನೂರಕ್ಕೆ ನೂರು ಕೊಟ್ಟರೆ ಗೇಟ್ ಮೆಲ್ಲಗೆ ಖಾಲಿಯಾಗುತ್ತದೆ, ಮಾಸ್‌ಫೆಟ್ ಅರ್ಧ ಮುಚ್ಚಿ ಹೀಟರ್ ಆಗುತ್ತದೆ. ಡ್ರೈವರ್ ಐಸಿಯಲ್ಲಿ ಕಡಿಮೆ ವೋಲ್ಟೇಜಿನ ಕಾವಲು ಇದೆಯೇ ನೋಡಿಕೊಳ್ಳಿ. ಭಾರ ಎಳೆಯುವಾಗ ಬ್ಯಾಟರಿ ಕುಸಿದು ಗೇಟಿಗೆ 6 ವೋಲ್ಟ್ ಬಂದರೂ ಇದೇ ಗತಿ.

ಆಫ್ ಮಾಡಿದಾಗ ಏನಾಗುತ್ತದೆ

ಈಗ ಆ ಪ್ರಶ್ನೆಗೆ ಬಂದೆವು. ಮೇಲಿನ ಮಾಸ್‌ಫೆಟ್ ಮುಚ್ಚಿತು, ಸುರುಳಿಯಲ್ಲಿ 30 ಆಂಪಿಯರ್ ಇನ್ನೂ ಓಡುತ್ತಿದೆ. ಅದು ಕೆಳಗಿನ ಮಾಸ್‌ಫೆಟ್‌ನ ಒಳಗಿರುವ ಬಾಡಿ ಡಯೋಡಿನ ಮೂಲಕ ಸುತ್ತಿಕೊಂಡು ಬರುತ್ತದೆ. ಡಯೋಡ್ ಸುಮಾರು 1 ವೋಲ್ಟ್ ತಿನ್ನುತ್ತದೆ, 30 ವ್ಯಾಟ್! ಡೆಡ್ ಟೈಮ್ ಮುಗಿದ ಕೂಡಲೇ ಆ ಕೆಳಗಿನ ಮಾಸ್‌ಫೆಟ್ಟನ್ನೇ ತೆರೆದುಬಿಟ್ಟರೆ ಕರೆಂಟ್ ಡಯೋಡ್ ಬಿಟ್ಟು ಚಾನೆಲಿಗೆ ಇಳಿಯುತ್ತದೆ, ಶಾಖ 11 ವ್ಯಾಟಿಗೆ ಬರುತ್ತದೆ. ಅರ್ಧ ಡ್ಯೂಟಿಯಲ್ಲಿ ಮೋಟರ್ ಚೆನ್ನಾಗಿ ತಿರುಗುತ್ತಿದ್ದರೂ ಒಂದೇ ಮಾಸ್‌ಫೆಟ್ ಕೆಂಡದಂತೆ ಸುಡುತ್ತಿದೆ ಎಂದರೆ ಕಾರಣ ಬಹುತೇಕ ಇದೇ, ಅದನ್ನು ಬರೀ ಡಯೋಡಾಗಿ ಬಳಸುತ್ತಿದ್ದೀರಿ.

ಮೋಟರಿನ ಸುರುಳಿಗೆ ದಾರಿ ಸಿಕ್ಕಿತು. ಬ್ಯಾಟರಿಯ ತಂತಿಗೆ? ಅದಕ್ಕೂ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ವಿರೋಧಿಸುವ ಗುಣ) ಇದೆ, ಮಿಲಿಮೀಟರಿಗೆ ಸುಮಾರು ಒಂದು ನ್ಯಾನೊಹೆನ್ರಿ. ಹತ್ತು ಸೆಂಟಿಮೀಟರ್ ತಂತಿಯಲ್ಲಿ 100 ನ್ಯಾನೊಹೆನ್ರಿ; ಅದರಲ್ಲಿದ್ದ 30 ಆಂಪಿಯರ್ 100 ನ್ಯಾನೊಸೆಕೆಂಡಿನಲ್ಲಿ ನಿಂತರೆ ಹುಟ್ಟುವ ವೋಲ್ಟೇಜ್ 30. ಸಪ್ಲೈನ 24 ಕೂಡಿದರೆ 54. ನಮ್ಮ ಮಾಸ್‌ಫೆಟ್ 55ರದ್ದು. ಒಂದು ಗೇಣು ಕೂಡ ಇಲ್ಲದ ತಂತಿ ನಮ್ಮನ್ನು ಅಂಚಿಗೆ ತಂದು ನಿಲ್ಲಿಸಿತು.

ಈ ಕರೆಂಟಿನ ದಾರಿ ಕೆಪಾಸಿಟರ್. ಅದನ್ನು ಬ್ರಿಡ್ಜಿನ ಕಾಲ ಬಳಿಯೇ ಇಡಬೇಕು, ಬೋರ್ಡಿನ ಮೂಲೆಯಲ್ಲಿ ಚಂದ ಕಂಡಲ್ಲಿ ಅಲ್ಲ. ಪ್ರತಿ ಅರ್ಧ ಬ್ರಿಡ್ಜಿನ ಮೇಲಿನ ಡ್ರೈನಿನಿಂದ ಕೆಳಗಿನ ಸೋರ್ಸಿಗೆ 1 ಮೈಕ್ರೊಫ್ಯಾರಡಿನ 100 ವೋಲ್ಟ್ ಸೆರಾಮಿಕ್ ಎರಡು ಮೂರು, ಅದರ ಬೆನ್ನಿಗೇ ಎಲೆಕ್ಟ್ರೊಲಿಟಿಕ್. ಎಷ್ಟು? ಅರ್ಧ ಡ್ಯೂಟಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಏರಿಳಿತ ಬೇಡವೆಂದರೆ: 30ರ ಕಾಲು ಭಾಗವನ್ನು 20,000ರಿಂದಲೂ 0.5ರಿಂದಲೂ ಭಾಗಿಸಿ, 750 ಮೈಕ್ರೊಫ್ಯಾರಡ್. ಒಂದು 1000 ಮೈಕ್ರೊಫ್ಯಾರಡ್ ಸಾಕೆನಿಸುತ್ತದೆ, ಸಾಲದು. ಆ ಡ್ಯೂಟಿಯಲ್ಲಿ ಕೆಪಾಸಿಟರುಗಳ ಒಳಗೆ ಹೋಗಿಬರುವ ಕರೆಂಟ್ ಮೋಟರಿನ ಅರ್ಧ, 15 ಆಂಪಿಯರ್. ಒಳ್ಳೆಯ ಲೋ ಇಎಸ್ಆರ್ (ಒಳ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್ ಒಂದೊಂದು ಎರಡು ಮೂರು ಆಂಪಿಯರ್ ತಾಳುತ್ತದೆ. ಹಾಗಾಗಿ ಐದಾರು ಬೇಕು, 50 ಅಥವಾ 63 ವೋಲ್ಟಿನವು. ತಲೆ ಉಬ್ಬಿದ ಕೆಪಾಸಿಟರ್ ಇರುವ ಡ್ರೈವರ್ ಕಂಡರೆ ಮೈಕ್ರೊಫ್ಯಾರಡ್ ಮಾತ್ರ ನೋಡಿ ಆಂಪಿಯರ್ ಮರೆತವರ ಕೈಗೆಲಸ ಎಂದು ತಿಳಿಯಿರಿ.

ಬ್ರೇಕ್ ಹಾಕಿದಾಗ

ಇಪ್ಪತ್ತು ಕಿಲೋ ತೂಕದ ಗಾಡಿ ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದರೆ ಅದರಲ್ಲಿ 40 ಜೂಲ್ ಶಕ್ತಿ ಇದೆ. ಡ್ಯೂಟಿ ಇಳಿಸಿದ ಕೂಡಲೇ ಮೋಟರ್ ಡೈನಮೊ ಆಗಿ ಇದರ ದೊಡ್ಡ ಪಾಲನ್ನು ಸಪ್ಲೈಗೆ ಹಿಂದಕ್ಕೆ ತಳ್ಳುತ್ತದೆ. ಬ್ಯಾಟರಿ ಇದ್ದರೆ ನುಂಗಿಕೊಳ್ಳುತ್ತದೆ. ಸ್ವಿಚಿಂಗ್ ಪವರ್ ಸಪ್ಲೈ ಇದ್ದರೆ? ಅದು ಕೊಡಬಲ್ಲದು, ತೆಗೆದುಕೊಳ್ಳಲಾರದು. ನಷ್ಟವನ್ನೆಲ್ಲ ಬಿಟ್ಟು ಆ 40 ಜೂಲನ್ನೂ 1000 ಮೈಕ್ರೊಫ್ಯಾರಡಿಗೆ ತುಂಬಿದರೆ 24 ವೋಲ್ಟ್ ಏರಿ 280 ದಾಟುತ್ತದೆ. ಅಲ್ಲಿಯವರೆಗೆ ಹೋಗುವುದಿಲ್ಲ ನಿಜ, 55ಕ್ಕೇ ಯಾವುದಾದರೂ ಒಡೆದು ದಾರಿ ಮಾಡಿಕೊಡುತ್ತದೆ.

ಟಿವಿಎಸ್ ಡಯೋಡ್ (ವೋಲ್ಟೇಜಿನ ಕ್ಷಣಿಕ ಹೊಡೆತ ಹೀರುವುದು) ಇದನ್ನು ತಡೆಯುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಎಸ್‌ಎಂಬಿಜೆ30ಎ ಹಾಕಿ, ತಪ್ಪಿಲ್ಲ; 30 ವೋಲ್ಟಿನವರೆಗೆ ಸುಮ್ಮನಿದ್ದು, ಹೊಡೆತ ಬಂದಾಗ 48ರ ಆಸುಪಾಸಿನಲ್ಲಿ ಹಿಡಿಯುತ್ತದೆ. ಅದರ 600 ವ್ಯಾಟ್ ಮಿಲಿಸೆಕೆಂಡಿನ ಲೆಕ್ಕದ್ದು, ಅಂದರೆ ಒಂದು ಜೂಲಿನ ಆಚೀಚೆ. ಮೈಕ್ರೊಸೆಕೆಂಡಿನ ವೋಲ್ಟೇಜ್ ಮೊನೆಗಳಿಗೆ ಅದು ಸರಿ. ಓಡುವ ಗಾಡಿಯ ಶಕ್ತಿಗೆ ಬೇಕಾದದ್ದು ಬ್ರೇಕ್ ರೆಸಿಸ್ಟರ್: ಇನ್ನೊಂದು ಮಾಸ್‌ಫೆಟ್, ಒಂದು ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಚಿಪ್), 32 ವೋಲ್ಟ್ ದಾಟಿದಾಗ ತೆರೆದು 30ಕ್ಕೆ ಮುಚ್ಚುವಂತೆ. 2 ಓಮಿನ ರೆಸಿಸ್ಟರ್ 16 ಆಂಪಿಯರ್ ಎಳೆದು 500 ವ್ಯಾಟ್ ಕರಗಿಸುತ್ತದೆ. ವೈರ್‌ವೂಂಡ್ ಆಗಿದ್ದರೆ ಸೆಕೆಂಡಿನ ಭಾಗಕ್ಕೆ ಸಲೀಸಾಗಿ ತಾಳುತ್ತದೆ.

ಬ್ಯಾಟರಿಯವರೂ ನಿಶ್ಚಿಂತರಾಗುವಂತಿಲ್ಲ. ಬ್ರೇಕ್ ಹಾಕುತ್ತಿರುವಾಗಲೇ ತುರ್ತು ಸ್ವಿಚ್ ಒತ್ತಿ ಬ್ಯಾಟರಿ ಕಳಚಿದರೆ, ನುಂಗುವ ಬಾಯಿ ಮುಚ್ಚಿತು. ತುರ್ತು ಸ್ವಿಚ್ ಮೊದಲು ಪಿಡಬ್ಲ್ಯುಎಂ ನಿಲ್ಲಿಸಬೇಕು, ಬ್ಯಾಟರಿ ಕಳಚುವ ಕಾಂಟ್ಯಾಕ್ಟರ್ ಒಂದು ಕ್ಷಣ ತಡವಾಗಿ ಬಿಡಬೇಕು.

ಕಾವಲು

ಫ್ಯೂಸಿನಿಂದ ಶುರು ಮಾಡುವವರೇ ಹೆಚ್ಚು. ಫ್ಯೂಸ್ ಇರುವುದು ತಂತಿಗೆ ಬೆಂಕಿ ಹತ್ತದಿರಲಿ ಎಂದು. 30 ಆಂಪಿಯರಿನ ಫ್ಯೂಸ್ 60 ಆಂಪಿಯರಿಗೆ ಕರಗಲು ಸೆಕೆಂಡುಗಟ್ಟಲೆ ತೆಗೆದುಕೊಳ್ಳಬಹುದು, ಮಾಸ್‌ಫೆಟ್ ಮೈಕ್ರೊಸೆಕೆಂಡುಗಳಲ್ಲಿ ಹೋಗುತ್ತದೆ. ತಾನು ಸತ್ತು ಫ್ಯೂಸನ್ನು ಉಳಿಸುವುದು ಮಾಸ್‌ಫೆಟ್‌ನ ಧರ್ಮ. ಫ್ಯೂಸ್ ಹಾಕಿ, ಬ್ಯಾಟರಿಯ ಹತ್ತಿರ ಹಾಕಿ, ಡಿಸಿ ವೋಲ್ಟೇಜಿಗೆ ಅಂತಲೇ ಬರೆದಿರುವುದನ್ನು ಹಾಕಿ. ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ.

ನಿಜವಾದ ಕಾವಲು ಕರೆಂಟ್ ಅಳತೆ. 1 ಮಿಲಿಓಮಿನ ಶಂಟ್ (ಕರೆಂಟ್ ಅಳೆಯಲು ದಾರಿಯಲ್ಲಿಡುವ ಪುಟ್ಟ ರೆಸಿಸ್ಟರ್) 30 ಆಂಪಿಯರಿಗೆ 30 ಮಿಲಿವೋಲ್ಟ್ ಕೊಡುತ್ತದೆ, 0.9 ವ್ಯಾಟ್ ತಿನ್ನುತ್ತದೆ. ಗ್ರೌಂಡ್ ದಾರಿಯಲ್ಲಿ ಶಂಟ್ ಇಡುವುದು ಅಗ್ಗ, ಆದರೆ ಅದಕ್ಕೆ ಎರಡು ಕುರುಡು: ಸುರುಳಿ ಮತ್ತು ಮಾಸ್‌ಫೆಟ್‌ಗಳ ನಡುವೆಯೇ ಸುತ್ತುವ ಕರೆಂಟ್ ಅದಕ್ಕೆ ಕಾಣದು, ಮೋಟರ್ ತಂತಿ ಲೋಹದ ಚೌಕಟ್ಟಿಗೆ ತಗುಲಿ ಗ್ರೌಂಡ್ ಆದರೂ ಕಾಣದು. ಮೋಟರಿನ ತಂತಿಯಲ್ಲೇ ಶಂಟ್ ಇಟ್ಟು, ಪಿಡಬ್ಲ್ಯುಎಂ ಜಿಗಿತಗಳನ್ನು ತಡೆಯುವಂತೆ ಮಾಡಿದ ಐಎನ್‌ಎ240ರಂತಹ ಆಂಪ್ಲಿಫೈಯರ್ ಹಾಕುವುದು ನನಗೆ ಇಷ್ಟ. ಅದರಿಂದಲೂ ತಪ್ಪಿಸಿಕೊಳ್ಳುವ ಶಾರ್ಟಿಗೆ ಸಪ್ಲೈನ ಧನ ತಂತಿಯಲ್ಲಿ ಇನ್ನೊಂದು ಶಂಟ್. ಶಂಟಿನಿಂದ ಆಂಪ್ಲಿಫೈಯರಿಗೆ ಹೋಗುವ ಎರಡು ಗೆರೆಗಳು ಶಂಟಿನ ಪ್ಯಾಡಿನ ಒಳಮೈಯಿಂದಲೇ ಹೊರಡಬೇಕು. ಒಂದು ಮಿಲಿಓಮನ್ನು ಅಳೆಯುವಾಗ ಅರ್ಧ ಮಿಲಿಓಮಿನ ತಾಮ್ರ ಸೇರಿಕೊಂಡರೆ ಅಳತೆಯೇ ಸುಳ್ಳು.

ಕಾವಲಿಗೆ ಎರಡು ಸುತ್ತು ಏಕೆ ಬೇಕೆಂಬುದನ್ನು ಲೆಕ್ಕವೇ ಹೇಳುತ್ತದೆ. ಮೋಟರಿನ ಇಂಡಕ್ಟೆನ್ಸ್ 200 ಮೈಕ್ರೊಹೆನ್ರಿ ಎಂದರೆ, ಸಿಕ್ಕಿಕೊಂಡ ಮೋಟರಿನಲ್ಲೂ ಕರೆಂಟ್ ಏರುವುದು ಮೈಕ್ರೊಸೆಕೆಂಡಿಗೆ 0.12 ಆಂಪಿಯರ್. 40ರಿಂದ 60ಕ್ಕೆ ಹೋಗಲು 160 ಮೈಕ್ರೊಸೆಕೆಂಡಿಗೂ ಹೆಚ್ಚು, ಮೂರು ಪಿಡಬ್ಲ್ಯುಎಂ ಸುತ್ತು. ಇಷ್ಟರಲ್ಲಿ ಸಾಫ್ಟ್‌ವೇರ್ ನೋಡಿ ಡ್ಯೂಟಿ ಇಳಿಸಬಹುದು. ಪ್ರತಿ ಸುತ್ತಿಗೊಮ್ಮೆ ಅಳೆದು 40ಕ್ಕೆ ಹಿಡಿದಿಡುವ ಕೆಲಸ ಅದಕ್ಕೆ ಕೊಡಿ. ಮೋಟರಿನ ತಂತಿಗಳೆರಡೂ ಒಂದಕ್ಕೊಂದು ತಗುಲಿದರೆ? ಉಳಿಯುವುದು ಒಂದು ಮೈಕ್ರೊಹೆನ್ರಿ, ಆಗ ಮೈಕ್ರೊಸೆಕೆಂಡಿಗೆ 24 ಆಂಪಿಯರ್. ಇದು ಸಾಫ್ಟ್‌ವೇರಿನ ಕೈಗೆ ಸಿಗುವ ವೇಗವಲ್ಲ. ಆಂಪ್ಲಿಫೈಯರಿನ ಹಿಂದೆ ಒಂದು ವೇಗದ ಕಂಪ್ಯಾರೇಟರ್, ಅದರ ಹಿಂದೆ ಒಮ್ಮೆ ಬಿದ್ದರೆ ಹಾಗೇ ಉಳಿಯುವ ಲ್ಯಾಚ್. 60 ದಾಟಿದ ಒಂದೆರಡು ಮೈಕ್ರೊಸೆಕೆಂಡಿನಲ್ಲಿ ಗೇಟ್ ಡ್ರೈವರಿನ ಶಟ್‌ಡೌನ್ ಪಿನ್ನನ್ನು ನೇರವಾಗಿ ಎಳೆಯಬೇಕು. ಪ್ರೊಗ್ರಾಮಿನ ಅಪ್ಪಣೆ ಕೇಳಬಾರದು. ಲ್ಯಾಚ್ ತಾನಾಗಿ ಬಿಡಲೂಬಾರದು, ಇಲ್ಲದಿದ್ದರೆ ಶಾರ್ಟಿನ ಮೇಲೆ ಸೆಕೆಂಡಿಗೆ ಸಾವಿರ ಸಲ ತಲೆ ಚಚ್ಚಿಕೊಳ್ಳುತ್ತದೆ.

ದಿಕ್ಕು ಬದಲಿಸುವುದು: ಡ್ಯೂಟಿಯನ್ನು ಮೆಲ್ಲಗೆ ಸೊನ್ನೆಗೆ ತಂದು, ಮೋಟರ್ ನಿಂತ ಮೇಲೆ ತಿರುಗಿಸಿ. ಕರೆಂಟ್ ಮಿತಿ ಇದ್ದರೂ ಇದನ್ನು ಬಿಡಬೇಡಿ.

ಬ್ಯಾಟರಿ ತಿರುಗಾಮುರುಗಾ ಜೋಡಿಸಿದರೆ ಬ್ರಿಡ್ಜಿನ ಬಾಡಿ ಡಯೋಡುಗಳೆಲ್ಲ ಒಟ್ಟಿಗೆ ತೆರೆದುಕೊಂಡು ನೇರ ಶಾರ್ಟ್ ಆಗುತ್ತದೆ. ಸರಣಿಯಲ್ಲಿ ಶಾಟ್ಕಿ ಹಾಕಿದರೆ ಅರ್ಧ ವೋಲ್ಟಿಗೆ 15 ವ್ಯಾಟ್ ವ್ಯರ್ಥ, ಜೊತೆಗೆ ಬ್ರೇಕಿನ ಶಕ್ತಿ ಹಿಂದಕ್ಕೆ ಹೋಗುವ ದಾರಿಯೂ ಬಂದ್. ಸಪ್ಲೈ ಗೆರೆಯಲ್ಲಿ ತಲೆಕೆಳಗಾಗಿ ಕೂರಿಸಿದ ಒಂದು ಮಾಸ್‌ಫೆಟ್ ಎರಡೂ ತೊಂದರೆ ಕಳೆಯುತ್ತದೆ. ಕೆಪಾಸಿಟರುಗಳು ದೊಡ್ಡವಾದ್ದರಿಂದ ಬ್ಯಾಟರಿ ತಗುಲಿಸುವಾಗ ಕಿಡಿ ಹಾರುತ್ತದೆ. 22 ಓಮಿನ ಮೂಲಕ ಒಂದು ಸೆಕೆಂಡ್ ತುಂಬಿಸಿ ಆಮೇಲೆ ಮುಖ್ಯ ಸ್ವಿಚ್ ಹಾಕಿ. ಹೀಟ್ ಸಿಂಕ್ ಮೇಲೆ 10 ಕಿಲೋಓಮಿನ ಥರ್ಮಿಸ್ಟರ್ ಅಂಟಿಸಿ, 75 ಡಿಗ್ರಿಯಿಂದ ಕರೆಂಟ್ ಮಿತಿಯನ್ನು ಇಳಿಸುತ್ತಾ 90ಕ್ಕೆ ನಿಲ್ಲಿಸಿ. ಆದೇಶ ಬರುವ ತಂತಿ ಕಿತ್ತುಹೋದರೆ ಅರ್ಧ ಸೆಕೆಂಡಿನೊಳಗೆ ಮೋಟರ್ ನಿಲ್ಲಬೇಕು.

ಬೋರ್ಡ್

1 ಔನ್ಸ್ ತಾಮ್ರ ಎಂದರೆ 35 ಮೈಕ್ರಾನ್ ದಪ್ಪ. ಬೋರ್ಡ್ ವಿನ್ಯಾಸದ ಐಪಿಸಿ-2221 ಮಾನದಂಡದ ಸೂತ್ರದ ಪ್ರಕಾರ ಹೊರಪದರದಲ್ಲಿ 30 ಆಂಪಿಯರಿಗೆ, 20 ಡಿಗ್ರಿ ಏರಿಕೆ ಒಪ್ಪಿಕೊಂಡರೆ, 21-22 ಮಿಲಿಮೀಟರ್ ಅಗಲದ ಗೆರೆ ಬೇಕು. 2 ಔನ್ಸಿಗೆ ಸುಮಾರು 11. ಗೆರೆ ಎನ್ನುವುದನ್ನು ಮರೆತು ಬಯಲುಗಳನ್ನು ಬರೆಯಿರಿ, ಸಪ್ಲೈ ಒಂದು ಪದರ, ಗ್ರೌಂಡ್ ಅದರ ಕೆಳಗಿನ ಪದರ. ಕರೆಂಟ್ ಹೋಗುವ ಮತ್ತು ಬರುವ ದಾರಿ ಎಷ್ಟು ಅಂಟಿಕೊಂಡಿದ್ದರೆ ಇಂಡಕ್ಟೆನ್ಸ್ ಅಷ್ಟು ಕಡಿಮೆ. ಗೆರೆಯ ಮೇಲೆ ಬೆಸುಗೆ ಸುರಿಯುವುದು ಸಮಾಧಾನಕ್ಕೆ, ತಾಮ್ರದ ತಂತಿ ಬೆಸೆಯುವುದು ಕೆಲಸಕ್ಕೆ. ಕಂಟ್ರೋಲರಿನ ಗ್ರೌಂಡ್ ಮೋಟರಿನ ಕರೆಂಟ್ ಓಡಾಡುವ ದಾರಿಯಲ್ಲಿ ಇರಕೂಡದು, ಶಂಟಿನ ಬಳಿ ಒಂದೇ ಬಿಂದುವಿನಲ್ಲಿ ಸೇರಲಿ. ಮೋಟರಿನ ತಂತಿಗಳನ್ನು ಹೆಣೆದುಬಿಡಿ.

ಮೊದಲ ಸಲ ಜೀವ ಕೊಡುವಾಗ

ಬ್ಯಾಟರಿಯನ್ನು ಬೇರೆ ಕೋಣೆಯಲ್ಲಿಡಿ. ತಮಾಷೆಯಲ್ಲ, ಅದು ಪಕ್ಕದಲ್ಲಿದ್ದರೆ ‘ಒಂದು ಸಲ ನೋಡಿಯೇಬಿಡೋಣ’ ಎನಿಸುತ್ತದೆ.

ಮೋಟರ್ ಇಲ್ಲದೆ, ಬ್ರಿಡ್ಜಿನ ಸಪ್ಲೈ ಕೊಡದೆ, ಗೇಟ್ ಡ್ರೈವರಿಗೆ ಮಾತ್ರ 12 ವೋಲ್ಟ್ ಕೊಟ್ಟು ಕೆಳಗಿನ ಗೇಟುಗಳನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ಆಮೇಲೆ ಬ್ರಿಡ್ಜಿಗೆ 12 ವೋಲ್ಟ್, ಕರೆಂಟ್ ಮಿತಿ ಅರ್ಧ ಆಂಪಿಯರ್. ಪಿಡಬ್ಲ್ಯುಎಂ ಓಡುವಾಗ ಮೋಟರ್ ಇಲ್ಲದೆಯೂ ನೂರಾರು ಮಿಲಿಆಂಪಿಯರ್ ಎಳೆಯುತ್ತಿದ್ದರೆ ಶೂಟ್-ಥ್ರೂ ಇದೆ, ಮುಂದೆ ಹೋಗಬೇಡಿ. ಎರಡು ಪ್ರೋಬ್ ಹಚ್ಚಿ ಮೇಲಿನ ಮತ್ತು ಕೆಳಗಿನ ಗೇಟುಗಳ ನಡುವಿನ ಬಿಡುವನ್ನು ಕಣ್ಣಾರೆ ಅಳೆಯಿರಿ. ಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಮಾತ್ರ ಮೇಲಿನ ಮಾಸ್‌ಫೆಟ್‌ನ ಸೋರ್ಸಿಗೆ ಹಾಕಬೇಡಿ; ಆ ಕ್ಲಿಪ್ ಭೂಮಿಗೆ ಸೇರಿರುತ್ತದೆ, ನಿಮ್ಮ ಸಪ್ಲೈ ಕೂಡ ಭೂಮಿಗೆ ಸೇರಿದ್ದರೆ ಕ್ಲಿಪ್ಪೇ ಶಾರ್ಟ್. ಎರಡು ಚಾನೆಲುಗಳ ವ್ಯತ್ಯಾಸ ತೆಗೆದು ನೋಡಿ.

ಇದಾದ ಮೇಲೆ ಮೋಟರಿನ ಜಾಗದಲ್ಲಿ ವಾಹನದ ಹೆಡ್‌ಲೈಟ್ ಬಲ್ಬ್. ತಪ್ಪಿದ್ದರೆ ಬಲ್ಬು ಕರೆಂಟನ್ನು ತಡೆಯುತ್ತದೆ, ಸರಿಯಿದ್ದರೆ ಡ್ಯೂಟಿಗೆ ತಕ್ಕಂತೆ ಬೆಳಗುತ್ತದೆ. ನಂತರ ಮೋಟರ್, ಭಾರವಿಲ್ಲದೆ, 12 ವೋಲ್ಟ್. ಈ ಹಂತದಲ್ಲಿ ಮಾಸ್‌ಫೆಟ್‌ನ ಡ್ರೈನ್-ಸೋರ್ಸ್ ಮೇಲೆ ಸ್ಕೋಪ್ ಹಚ್ಚಿ ಮೊನೆ ಎಷ್ಟು ಏರುತ್ತದೆ ನೋಡಿ. ಪ್ರೋಬಿನ ಉದ್ದನೆಯ ಗ್ರೌಂಡ್ ಬಾಲ ಸುಳ್ಳು ಮೊನೆ ತೋರಿಸುತ್ತದೆ, ತುದಿಗೆ ಸುತ್ತಿದ ಪುಟ್ಟ ಸ್ಪ್ರಿಂಗ್ ಬಳಸಿ. ಪೂರ್ತಿ ವೋಲ್ಟೇಜ್, ಪೂರ್ತಿ ಕರೆಂಟಿನಲ್ಲಿ ಮೊನೆ 44ರ ಒಳಗಿರಬೇಕು, 55ರ ಐದನೇ ನಾಲ್ಕು ಭಾಗ. ಮೀರಿದರೆ ಗೇಟ್ ರೆಸಿಸ್ಟರ್ ಸ್ವಲ್ಪ ಏರಿಸಿ, ಮುಚ್ಚುವ ಡಯೋಡಿಗೂ ಸರಣಿಯಲ್ಲಿ ಒಂದೆರಡು ಓಮ್ ಸೇರಿಸಿ. ಅದಕ್ಕೂ ಮೊದಲು ಸೆರಾಮಿಕ್ ಕೆಪಾಸಿಟರುಗಳನ್ನು ಇನ್ನೂ ಹತ್ತಿರ ತನ್ನಿ.

ಕೊನೆಗೆ ಸ್ಟಾಲ್. ಶಾಫ್ಟನ್ನು ಗಟ್ಟಿಯಾಗಿ ಬಿಗಿದು, ಮಿತಿಯನ್ನು 10 ಆಂಪಿಯರಿಗೆ ಇಳಿಸಿ, ಈಗ ಬ್ಯಾಟರಿ ತಂದು ಜೋಡಿಸಿ, ಎರಡು ಸೆಕೆಂಡ್ ಡ್ಯೂಟಿ ಕೊಡಿ. ಕರೆಂಟ್ 10ರಲ್ಲೇ ನಿಂತರೆ 20, ಆಮೇಲೆ 40. ಪ್ರತಿ ಸಲವೂ ನಡುವೆ ಹೀಟ್ ಸಿಂಕ್ ಮುಟ್ಟಿ ನೋಡಿ, ನಾಲ್ಕರಲ್ಲಿ ಒಂದು ಮಾತ್ರ ಬೇರೆಯವಕ್ಕಿಂತ ಬಿಸಿಯಾಗಿದ್ದರೆ ಅಲ್ಲೇನೋ ಇದೆ. ಹಾರ್ಡ್‌ವೇರ್ ಕಾವಲನ್ನು ಪರೀಕ್ಷಿಸಲು ಕಂಪ್ಯಾರೇಟರಿನ ಮಟ್ಟವನ್ನು ತಾತ್ಕಾಲಿಕವಾಗಿ 15 ಆಂಪಿಯರಿಗೆ ಇಳಿಸಿ ಅದನ್ನು ದಾಟಿಸಿ. ಲ್ಯಾಚ್ ಬಿದ್ದು, ಸಾಫ್ಟ್‌ವೇರ್ ಸ್ಥಗಿತವಾಗಿದ್ದರೂ ಗೇಟುಗಳು ಇಳಿಯಬೇಕು.

ಇಷ್ಟಾದ ಮೇಲೂ ಒಂದು ಸುಟ್ಟರೆ, ಅದರ ಸಂಗಾತಿಯನ್ನೂ ಗೇಟ್ ರೆಸಿಸ್ಟರನ್ನೂ ಝೀನರನ್ನೂ ಡ್ರೈವರ್ ಐಸಿಯನ್ನೂ ಒಟ್ಟಿಗೆ ಬದಲಿಸಿ, ಮತ್ತೆ 12 ವೋಲ್ಟ್ ಅರ್ಧ ಆಂಪಿಯರಿನಿಂದ ಶುರು ಮಾಡಿ.